ಫ್ರೀಜ್‌ಔಟ್, ರೀಬೈ, ಟರ್ಬೊ, ಬೌಂಟಿ: ಹವ್ಯಾಸಕ್ಕೆ ಪೋಕರ್ ಆಡೋರಿಗೆ ಯಾವುದು ನ್ಯಾಯ?

ಪೋಕರ್‌ನಲ್ಲಿ ಎಲೆ ಕೈಕೊಟ್ಟಿತು ಅಂತ ಗೊಣಗುವವರೇ ಜಾಸ್ತಿ. ಎಲೆ ಎಲ್ಲರಿಗೂ ಕೈಕೊಡುತ್ತದೆ, ಅದರಲ್ಲಿ ಅನ್ಯಾಯ ಏನಿಲ್ಲ. ನೋಡಬೇಕಾದದ್ದು ಟೂರ್ನಿಯ ನಿಯಮವನ್ನು. ಒಬ್ಬರು ಎಷ್ಟು ಸಲ ಒಳಗೆ ಬರಬಹುದು, ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಬೇಕಾದ ಪಣ) ಎಷ್ಟು ಹೊತ್ತಿಗೊಮ್ಮೆ ಏರುತ್ತದೆ, ಬಹುಮಾನ ಎಷ್ಟು ಜನಕ್ಕೆ ಅನ್ನೋದನ್ನು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಕಡೆ ಒಂದು ತೋಟದ ಮನೆಯಲ್ಲಿ ಸೇರುವ ಗುಂಪು. ಒಂಬತ್ತು ಜನ, ಒಂದೇ ಮೇಜು. ಮಳೆಗಾಲದಲ್ಲಿ ಆಟ ಜೋರು, ಕಾಫಿ ಕೊಯ್ಲು ಶುರುವಾದರೆ ಬಂದ್. ಮೊದಲು ಕೆಲವರು ಫೋನಿನಲ್ಲಿ ಆಡುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದ ಮೇಲೆ ಅವರೂ ಮೇಜಿಗೆ ಬಂದರು. ಇಲ್ಲಿ ದುಡ್ಡು ಇಡುವುದಿಲ್ಲ. ಪ್ರವೇಶಕ್ಕೆ ತಲಾ ಅರ್ಧ ಕೆ.ಜಿ. ಕಾಫಿಪುಡಿ. ನಗಬೇಡಿ, ಯಾವ ಪದ್ಧತಿ ಯಾರ ಪರ ಅನ್ನೋದು ನಮಗೆ ಗೊತ್ತಾಗಿದ್ದೇ ಈ ಪುಡಿಯಿಂದ.

ರೀಬೈಯಲ್ಲಿ ಚಿಪ್ಸ್ (ಪಣ ಕಟ್ಟುವ ಬಿಲ್ಲೆ) ಖಾಲಿಯಾದರೆ ಮೊದಲ ಒಂದು ಗಂಟೆಯೊಳಗೆ ಇನ್ನೊಂದು ಅರ್ಧ ಕೆ.ಜಿ. ಇಟ್ಟು ಮತ್ತೆ 5,000 ಚಿಪ್ಸ್ ತಗೊಳ್ಳಬಹುದು. ಲೆಕ್ಕದಲ್ಲಿ ಮೋಸ ಇಲ್ಲ. ಬಹುಮಾನದ ರಾಶಿಯೂ ಅಷ್ಟು ಬೆಳೆಯುತ್ತದೆ. ಆದರೆ ತೋಟ ಇರೋರಿಗೆ ಪುಡಿ ಮನೆಯ ಡಬ್ಬದಲ್ಲೇ ಇರುತ್ತದೆ. ನಮ್ಮ ಮೇಷ್ಟ್ರು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕು. ಹಾಗಾಗಿ ತೋಟದವರು ಎರಡು, ಮೂರರಂಥ ಪುಟ್ಟ ಎಲೆ ಬಂದರೂ ಆಲ್-ಇನ್, ಅಂದರೆ ಇರೋ ಚಿಪ್ಸೆಲ್ಲ ಪಣಕ್ಕೆ ಅಂತಾರೆ. ಮೇಷ್ಟ್ರು ಹತ್ತರ ಜೋಡಿಯಂಥ ಒಳ್ಳೆ ಎಲೆ ಇಟ್ಟುಕೊಂಡೂ ಫೋಲ್ಡ್ ಮಾಡಿ (ಎಲೆ ಬಿಟ್ಟು) ಹಿಂದೆ ಸರಿಯುತ್ತಾರೆ. ಸೋತರೆ ಅವರ ಆಟ ಅಲ್ಲಿಗೆ ಮುಗೀತು, ಅಲ್ವಾ? ಒಂದು ಗಂಟೆ ಮುಗಿದಾಗ, ಚಿಪ್ಸ್ ಖಾಲಿಯಾಗದಿದ್ದರೂ ಕೊಳ್ಳಬಹುದಾದ ಆಡ್-ಆನ್ ಇನ್ನೂ ಕೆಟ್ಟದ್ದು. ಅದೇ ಅರ್ಧ ಕೆ.ಜಿ.ಗೆ 8,000 ಚಿಪ್ಸ್. ತಗೊಳ್ಳದವರು ಒಂದೂ ಆಟ ಸೋಲದೆ ಹಿಂದೆ ಬೀಳುತ್ತಾರೆ. ದೊಡ್ಡ ಟೂರ್ನಿಗಳ ರೀ-ಎಂಟ್ರಿಯದ್ದೂ ಇದೇ ಕಥೆ. ಹೊಸ ಸೀಟು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ರಜೆ ಹಾಕಿ ಒಂದೇ ಪ್ರವೇಶಕ್ಕೆ ದುಡ್ಡು ಕೂಡಿಸಿದವರು, ಮತ್ತೆ ಮತ್ತೆ ಒಳಗೆ ಬರೋ ವೃತ್ತಿಪರರ ಎದುರು ಕೂರಬೇಕು.

ಟರ್ಬೊದಲ್ಲಿ ಬ್ಲೈಂಡ್ ಬೇಗ ಬೇಗ ಏರುತ್ತದೆ, ಆಟ ಬೇಗ ಮುಗಿಯುತ್ತದೆ. ಶುರುವಿನಲ್ಲಿ ಕೈಯಲ್ಲಿ 5,000 ಚಿಪ್ಸ್, ಬ್ಲೈಂಡ್ 25/50. ಎರಡರಲ್ಲಿ ದೊಡ್ಡದು ಬಿಗ್ ಬ್ಲೈಂಡ್, ಅಂದರೆ ಕೈಯಲ್ಲಿ ಅಂಥವು 100. 8 ನಿಮಿಷಕ್ಕೊಮ್ಮೆ ಏರಿಸಿದರೆ ನಮ್ಮ ಪಟ್ಟಿಯಲ್ಲಿ ಗಂಟೆಯೊಳಗೆ 400/800ಕ್ಕೆ ಬಂದು ನಿಲ್ಲುತ್ತದೆ. 5,000 ಹಾಗೇ ಉಳಿಸಿಕೊಂಡವರ ಹತ್ತಿರವೂ ಆರೇ ಬಿಗ್ ಬ್ಲೈಂಡ್! ಅದೃಷ್ಟದ ಪಾಲು ಜಾಸ್ತಿ, ಆದ್ದರಿಂದ ಹೊಸಬರಿಗೆ ಒಳ್ಳೆಯದು ಅನ್ನೋ ವಾದ ಇದೆ. ಒಪ್ಪುತ್ತೇನೆ. ನನ್ನ ತಕರಾರು ಬೇರೆ. ನಾವು ಎಲೆ ಕಲಸಿ, ಹಂಚಿ, ನಡುವೆ ಹರಟೆ ಹೊಡೆದು ಒಂದು ಆಟ ಮುಗಿಸಲು ಎರಡು ನಿಮಿಷ ಬೇಕು. 8 ನಿಮಿಷಕ್ಕೆ ನಾಲ್ಕು ಆಟ. ಕೂತವರು ಒಂಬತ್ತು. ಬ್ಲೈಂಡ್‌ನ ಆ ಮಟ್ಟದಲ್ಲಿ ಬಿಗ್ ಬ್ಲೈಂಡ್ ಕಟ್ಟುವವರು ನಾಲ್ಕೇ ಜನ. ಐದನೆಯವರ ಸರದಿ ಬರುವಷ್ಟರಲ್ಲಿ ಬ್ಲೈಂಡ್ ಏರಿರುತ್ತದೆ. ಯಾರು ಅಗ್ಗದ ಬ್ಲೈಂಡ್ ಕಟ್ಟಬೇಕು, ಯಾರು ದುಬಾರಿಯದು ಅನ್ನೋದನ್ನು ಕುರ್ಚಿ ತೀರ್ಮಾನಿಸುತ್ತದೆ. ಇದನ್ನು ಅದೃಷ್ಟ ಅನ್ನಲು ನನಗೆ ಮನಸ್ಸಿಲ್ಲ. 20 ನಿಮಿಷದ ಮಟ್ಟ ಇಟ್ಟರೆ ಹತ್ತು ಆಟ, ಎಲ್ಲರಿಗೂ ಒಂದು ಸುತ್ತು ಬರುತ್ತದೆ.

ಬೌಂಟಿ ಖುಷಿಯ ಆಟ. ಅರ್ಧ ಪುಡಿ ರಾಶಿಗೆ, ಉಳಿದ ಕಾಲು ಕೆ.ಜಿ. ಪೊಟ್ಟಣ ನಿಮ್ಮ ತಲೆಯ ಮೇಲೆ. ನಿಮ್ಮನ್ನು ಔಟ್ ಮಾಡಿದವರಿಗೆ ಅದು. ಆರನೇ ಸ್ಥಾನ ಬಂದವರೂ ಪೊಟ್ಟಣ ಹಿಡಿದು ಮನೆಗೆ ಹೋಗಬಹುದು. ಒಂದೇ ಕೊರತೆ: ನಿಮಗಿಂತ ಜಾಸ್ತಿ ಚಿಪ್ಸ್ ಇರೋರನ್ನು ಒಂದೇ ಏಟಿಗೆ ಔಟ್ ಮಾಡಲು ಆಗುವುದಿಲ್ಲ. ಬೇಟೆಯಾಡುವವರು ಯಾವಾಗಲೂ ಚಿಪ್ಸ್ ಜಾಸ್ತಿ ಇರೋರೇ.

ಉಳಿದದ್ದು ಫ್ರೀಜ್‌ಔಟ್. ಒಂದೇ ಪ್ರವೇಶ, ಚಿಪ್ಸ್ ಹೋದರೆ ಮುಗೀತು. ನಮ್ಮ ಕೊಡವ ಹಾಕಿ ಹಬ್ಬ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬದ ತಂಡಗಳು ಬಂದಿದ್ದವು. ಸೋತ ಕುಟುಂಬ ದುಡ್ಡು ಕಟ್ಟಿ ಮತ್ತೆ ಮೈದಾನಕ್ಕೆ ಇಳಿಯಲು ಆಗುತ್ತಿತ್ತೇ? ಪೋಕರ್‌ನ ವಿಶ್ವ ಸರಣಿಯ ಮುಖ್ಯ ಟೂರ್ನಿಯೂ ಫ್ರೀಜ್‌ಔಟೇ. ಪ್ರವೇಶ 10,000 ಡಾಲರ್. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಲೆಕ್ಕಿಗ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಿಯ ಪ್ರವೇಶವೇ ಬಹುಮಾನವಾಗಿರುವ ಸಣ್ಣ ಟೂರ್ನಿ) ಮೂಲಕ ಅಲ್ಲಿಗೆ ಹೋಗಿ, 839 ಜನರಲ್ಲಿ ಗೆದ್ದು 25 ಲಕ್ಷ ಡಾಲರ್ ತಂದ. ಸುಮ್ನೆ ಆಸೆ ಹುಟ್ಟಿಸೋ ಕಥೆ ಅನ್ನಿ. ಆದರೆ ಅಲ್ಲಿಗೆ ಹೋದ ಮೇಲೆ ಅವನಿಗೂ ಘಟಾನುಘಟಿಗಳಿಗೂ ಇದ್ದದ್ದು ತಲಾ ಒಂದೇ ಅವಕಾಶ.

ಫ್ರೀಜ್‌ಔಟ್‌ನ ತೊಂದರೆ ಬೇರೆ ಥರದ್ದು. 20 ನಿಮಿಷದ ಮಟ್ಟದಲ್ಲಿ ಮೂರೂವರೆ, ನಾಲ್ಕು ಗಂಟೆ ಹಿಡಿಯುತ್ತದೆ. ಮೊದಲು ಔಟಾದವರು ಏನು ಮಾಡಬೇಕು? ಅವರನ್ನೇ ಡೀಲರ್, ಅಂದರೆ ಎಲೆ ಹಂಚುವವರು, ಮಾಡಿದೆವು. ಆಟವೂ ಚುರುಕಾಯಿತು. ಬಹುಮಾನ ಮೂವರಿಗೆ: ಒಟ್ಟು ನಾಲ್ಕೂವರೆ ಕೆ.ಜಿ.ಯಲ್ಲಿ ಎರಡು, ಒಂದೂವರೆ, ಒಂದು. ಮೇಷ್ಟ್ರಿಗೆ ಇದು ಹಿಡಿಸಿದೆ. ತೋಟದವರಲ್ಲಿ ಇಬ್ಬರಿಗೆ ಇನ್ನೂ ರೀಬೈ ಮೇಲೇ ಕಣ್ಣು.

ಹೊತ್ತು ಮೀರಿದರೆ ತೋಟದ ರಸ್ತೆಯಲ್ಲಿ ಆನೆ ಕಾಟ. ದೂರದಿಂದ ಬೈಕಿನಲ್ಲಿ ಬರೋರು ಗಡಿಬಿಡಿಯಲ್ಲಿ ಆಡಿ ಸೋಲುತ್ತಿದ್ದರು. ಈಗ ರಾತ್ರಿ 9:45ಕ್ಕೆ ಗಡಿಯಾರ ನಿಲ್ಲಿಸಿ ‘ಇನ್ನು ಐದೇ ಆಟ’ ಅಂತ ಹೇಳುತ್ತೇವೆ. ಆಟದ ಎಣಿಕೆ ಗೊತ್ತಿರುವುದರಿಂದ ಮುಂದಿರುವವರು ಬೇಕಂತಲೇ ತಡ ಮಾಡಿಯೂ ಪ್ರಯೋಜನ ಇಲ್ಲ. ಐದು ಮುಗಿದ ಮೇಲೆ ಚಿಪ್ಸ್ ಎಣಿಸಿ ಸ್ಥಾನ ಕೊಡುತ್ತೇವೆ.