ಹುತ್ತವಿಲ್ಲದ ಕಾಡಿನಲ್ಲಿ ಹುತ್ತದ ಅಣಬೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ, ಮಲೆನಾಡಿನ ಅಥವಾ ಕರಾವಳಿಯ ಅಣಬೆಯ ರುಚಿ ನಾಲಿಗೆಯ ಮೇಲೆ ಉಳಿದಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಆಗಸ್ಟಿನಲ್ಲಿ ಬಾಸ್ಟನ್ನಿನ ಉತ್ತರಕ್ಕಿರುವ ಓಕ್ ಕಾಡೊಂದರಿಂದ ಬಿಳಿ ಅಣಬೆ ತಂದು ಪಲ್ಯ ಮಾಡಿ ತಿಂದ ನಾನು ಒಂಬತ್ತು ದಿನ, ನನ್ನ ಅಮ್ಮ ಆರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ನೆಂಟರಿಷ್ಟರು ಇಂದಿಗೂ ಇದನ್ನು ಅಮ್ಮನ ತಪ್ಪೆಂದೇ ತಿಳಿದಿದ್ದಾರೆ. ತಪ್ಪು ನನ್ನದು.

ಅಮ್ಮ ತೀರ್ಥಹಳ್ಳಿಯ ಕಡೆಯವರು, ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ವಾರವಿಡೀ ಗುಡುಗು ಸಹಿತ ಮಳೆ ಸುರಿದು ಶನಿವಾರ ಬಿಸಿಲು ಬಂದಾಗ ಕಾಡಿನ ದಾರಿಯಲ್ಲಿ ನಡೆಯಲು ಹೊರಟೆವು. ಮಂಗನ ಕಾಯಿಲೆಯ ಸೀಮೆಯವರಾದ ಅಮ್ಮನಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಇಲ್ಲಿಯೂ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ ಎಂದೊಡನೆ ಎಲ್ಲರ ಪ್ಯಾಂಟಿನ ಅಂಚನ್ನೂ ಸಾಕ್ಸಿನೊಳಗೆ ತುರುಕಿಸಿದರು. ಅರ್ಧ ಮೈಲಿ ನಡೆಯುವುದರೊಳಗೆ ಓಕ್ ಮರವೊಂದರ ಬುಡದಲ್ಲಿ, ತರಗೆಲೆಗಳನ್ನು ಎತ್ತಿಕೊಂಡು ನಿಂತಿದ್ದ ಆರು ಅಣಬೆಗಳು ಕಂಡವು: ಹಾಲಿನಂಥ ಬಿಳುಪು, ನುಣುಪಾದ ಕೊಡೆ, ನೀಳವಾದ ಕಾಲು.

“ನೋಡಲು ನಮ್ಮ ಹುತ್ತದ ಅಣಬೆಯ ಹಾಗೇ ಇದೆ. ಆದರೆ ಇಲ್ಲಿ ಹುತ್ತವೇ ಇಲ್ಲವಲ್ಲೋ ಮಾರಾಯ?” ಎಂದರು ಅಮ್ಮ.

ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು. ಹಿಂದಿನ ವರ್ಷವಷ್ಟೇ ಮನೆ ಕೊಳ್ಳುವಾಗ ಗೆದ್ದಲಿನ ತಪಾಸಣೆಗೆ ದುಡ್ಡು ತೆತ್ತಿದ್ದ ನಾನು, “ಇಲ್ಲಿ ಗೆದ್ದಲು ನೆಲದೊಳಗೇ ಇರುತ್ತದೆ, ಹುತ್ತ ಕಟ್ಟುವುದಿಲ್ಲ” ಎಂದು ತಿಳಿದವನಂತೆ ಉತ್ತರಿಸಿದೆ. ಮಾತು ಸುಳ್ಳಲ್ಲ, ಆದರೆ ಆ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ನಮ್ಮೂರಿನ ಗೆದ್ದಲು ಹುತ್ತದೊಳಗೆ ಶಿಲೀಂಧ್ರವನ್ನು ಬೆಳೆ ತೆಗೆಯುತ್ತದೆ, ಹುತ್ತದ ಅಣಬೆ ಹುಟ್ಟುವುದು ಆ ತೋಟದಿಂದ. ಟರ್ಮಿಟೊಮೈಸಿಸ್ ಎಂಬ ಈ ಕುಲವೂ ಅದನ್ನು ಸಾಕುವ ಗೆದ್ದಲೂ ಆಫ್ರಿಕಾ ಮತ್ತು ಏಷ್ಯಾದವು. ಇಲ್ಲಿನ ಗೆದ್ದಲು ಮರ ತಿನ್ನುತ್ತದೆಯೇ ಹೊರತು ಶಿಲೀಂಧ್ರ ಬೆಳೆಯುವುದಿಲ್ಲ. ಆದ್ದರಿಂದ ಈ ಕಾಡುಗಳಲ್ಲಿ ಹುತ್ತದ ಅಣಬೆ ಸಿಗುವುದು ಸಾಧ್ಯವೇ ಇಲ್ಲ.

ಎರಡನೆಯ ತಪ್ಪು ಚಾಕುವಿನದು. ಊರಿನಲ್ಲಿ ಅಮ್ಮ ಅಣಬೆಯನ್ನು ಬುಡ ಸಡಿಲಿಸಿ, ಹುತ್ತದೊಳಕ್ಕೆ ಇಳಿದಿರುವ ಬೇರಿನಂಥ ಉದ್ದನೆಯ ಬಾಲದ ಸಮೇತ ಎಳೆಯುತ್ತಾರೆ. ಅಂದು ಮಂಡಿನೋವಿನಿಂದ ಅವರಿಗೆ ಕೂರಲಾಗಲಿಲ್ಲವಾದ್ದರಿಂದ, ಕೈಗೆ ಮಣ್ಣಾಗಬಾರದೆಂದು ನಾನೇ ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ದೆ. ಹಾಗೆ ಕೊಯ್ದಾಗ ಆ ಅಣಬೆಯ ಗುರುತು ಹೇಳುವ ಭಾಗ ಮಣ್ಣಿನಲ್ಲೇ ಉಳಿಯಿತು. ಮೊಬೈಲಿನ ಗುರುತಿಸುವ ಆಪ್‌ಗೆ ಕೊಡೆಯ ಮೇಲ್ಭಾಗದ ಒಂದೇ ಚಿತ್ರ ತೋರಿಸಿದೆ. ಅದು ಮೊದಲಿಗೆ ತಿನ್ನಬಹುದಾದ ಅಣಬೆಯೊಂದರ ಹೆಸರನ್ನು ಕೊಟ್ಟಿತು, ಮೂರನೆಯ ಸಾಲಿನಲ್ಲಿ ಸರಿಯಾದ ಹೆಸರೂ ಇತ್ತು. ಮೂರನೆಯ ಸಾಲಿನವರೆಗೆ ಓದುವ ವ್ಯವಧಾನ ನನಗಿರಲಿಲ್ಲ.

ಈರುಳ್ಳಿ, ಕಾಯಿತುರಿ, ಕಾಳುಮೆಣಸು ಹಾಕಿ ಅಮ್ಮ ಪಲ್ಯ ಮಾಡಿದರು. ಬಯಲುಸೀಮೆಯ ನನ್ನ ಹೆಂಡತಿ ಅಣಬೆ ಮುಟ್ಟುವವಳಲ್ಲ, ಅಂದು ಮಗಳೂ ಅವಳ ಪಕ್ಷ ಸೇರಿದ್ದು ನಮ್ಮ ಪುಣ್ಯ. ರುಚಿ ಚೆನ್ನಾಗಿತ್ತು, ವಿಷವಿದ್ದರೆ ಕಹಿಯಾಗಿರುತ್ತದೆ ಎಂದು ನಂಬಿದವರಿಗಾಗಿ ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ರಾತ್ರಿ ಎಂಟಕ್ಕೆ ಊಟ ಮಾಡಿದವರಿಗೆ ಬೆಳಗಿನ ಆರರವರೆಗೆ ಏನೂ ಆಗಲಿಲ್ಲ. ಆಮೇಲೆ ನಿಲ್ಲದ ವಾಂತಿ, ನೀರಿನಂಥ ಭೇದಿ. ಹತ್ತಿರದ ಚಿಕಿತ್ಸಾಲಯದಲ್ಲಿ ಹೊಟ್ಟೆಯ ಸೋಂಕೆಂದು ಹೇಳಿ ಕಳುಹಿಸಿದರು, ಹತ್ತು ಗಂಟೆ ಹಿಂದಿನ ಪಲ್ಯದ ಸುದ್ದಿಯನ್ನು ನಾನೂ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಇಬ್ಬರೂ ಎದ್ದು ಕುಳಿತು ಗಂಜಿ ಕುಡಿದೆವು. ಗುಣವಾಯಿತೆಂದು ನನಗನ್ನಿಸಿತು, ಹೆಂಡತಿಗೆ ಅನ್ನಿಸಲಿಲ್ಲ. ಅವಳು ಇಡೀ ಅಮೆರಿಕಕ್ಕೆ ಅನ್ವಯವಾಗುವ ವಿಷ ಮಾಹಿತಿ ಸಹಾಯವಾಣಿ 1-800-222-1222ಕ್ಕೆ ಕರೆ ಮಾಡಿದಳು. ತಿಂದ ಹೊತ್ತು ಮತ್ತು ವಾಂತಿ ಶುರುವಾದ ಹೊತ್ತು, ಇವೆರಡನ್ನೇ ಮೊದಲು ಕೇಳಿದ ಅವರು ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಲು ಹೇಳಿದರು. ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುವ ಯಕೃತ್ತಿನ ಕಿಣ್ವದ ಅಂಕಿ ನನ್ನ ರಕ್ತದಲ್ಲಿ 3,000 ದಾಟಿತ್ತು.

ನಾವು ತಿಂದದ್ದು ಅಮಾನಿಟಾ ಬೈಸ್ಪೊರಿಜೆರಾ. ಇಲ್ಲಿನವರು ಅದನ್ನು ಡಿಸ್ಟ್ರಾಯಿಂಗ್ ಏಂಜೆಲ್ ಎನ್ನುತ್ತಾರೆ. ಅದರಲ್ಲಿರುವ ಅಮಾಟಾಕ್ಸಿನ್ ಜೀವಕೋಶಗಳು ಪ್ರೋಟೀನು ತಯಾರಿಸಲು ಬೇಕಾದ ಆರ್‌ಎನ್‌ಎ ನಿರ್ಮಾಣವನ್ನೇ ನಿಲ್ಲಿಸುತ್ತದೆ. ಬೇಯಿಸಿದರೂ ಒಣಗಿಸಿದರೂ ಫ್ರೀಜರಿನಲ್ಲಿಟ್ಟರೂ ಅದು ನಾಶವಾಗುವುದಿಲ್ಲ. ಆರಂಭದ ಹತ್ತು ಗಂಟೆಗಳ ಮೌನ ಮತ್ತು ಎರಡನೆಯ ದಿನದ ಆ ಚೇತರಿಕೆ, ಎರಡೂ ಈ ವಿಷದ ಲಕ್ಷಣಗಳೇ. ರೋಗಿ ಗಂಜಿ ಕುಡಿಯುತ್ತಿರುವಾಗಲೇ ಯಕೃತ್ತು ಕೆಡುತ್ತಾ ಹೋಗುತ್ತದೆ. ಹಲವರಿಗೆ ಯಕೃತ್ತಿನ ಕಸಿಯೇ ಬೇಕಾಗುತ್ತದೆ. ನಮಗೆ ಬೇಕಾಗಲಿಲ್ಲ.

ಗುರುತು ಖಚಿತವಾಗಲೆಂದು ಸ್ನೇಹಿತರೊಬ್ಬರು ಅದೇ ಓಕ್ ಮರದ ಬುಡಕ್ಕೆ ಹೋಗಿ, ಉಳಿದಿದ್ದ ಕಾಲಿನ ತುಂಡನ್ನು ಸುತ್ತಲಿನ ಮಣ್ಣಿನೊಡನೆ ಅಗೆದು ತಂದರು. ಆ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ: ಒಡೆದ ಮೊಟ್ಟೆಯ ಸಿಪ್ಪೆಯಂತೆ ತೆಳ್ಳನೆಯ ಬಿಳಿ ಚೀಲ, ಅದರೊಳಗೆ ಉಬ್ಬಿದ ಬುಡ, ಮೇಲೆ ನನ್ನ ಚಾಕುವಿನ ನೇರ ಗೆರೆ. ಹುತ್ತದ ಅಣಬೆಗೆ ಈ ಚೀಲ ಇರುವುದಿಲ್ಲ. ಅದರ ಕೊಡೆಯ ನಡುವೆ ಮೊನಚಾದ ಉಬ್ಬಿರುತ್ತದೆ, ಅಡಿಯ ಪದರಗಳು ಬಲಿತಂತೆ ನಸುಗೆಂಪಿಗೆ ತಿರುಗುತ್ತವೆ. ಇದರ ಪದರಗಳು ಕೊನೆಯವರೆಗೂ ಬಿಳಿ. ಕಾಲಿನ ಮೇಲ್ಭಾಗದಲ್ಲಿ ಇದಕ್ಕೊಂದು ತೆಳು ಲಂಗದಂಥ ಉಂಗುರವೂ ಇರುತ್ತದೆ, ಆದರೆ ಜೋರು ಮಳೆಗೆ ಅದು ಕಳಚಿಹೋಗಬಹುದು.

ಹುಳು ತಿಂದದ್ದನ್ನು ಮನುಷ್ಯರೂ ತಿನ್ನಬಹುದು, ಬೆಳ್ಳಿ ಚಮಚ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನು ಈ ಅಣಬೆಯ ಮುಂದೆ ನಂಬಬೇಡಿ. ಗೊಂಡೆಹುಳುಗಳು ಇದನ್ನು ನಿರಾತಂಕವಾಗಿ ಮೇಯುತ್ತವೆ. ಕಲಿಯುವ ಆಸೆಯಿದ್ದರೆ ಬಲ್ಲವರ ಜೊತೆ ಕಾಡಿಗೆ ಹೋಗಿ. 1895ರಲ್ಲಿ ಆರಂಭವಾದ ಬಾಸ್ಟನ್ ಮೈಕಾಲಾಜಿಕಲ್ ಕ್ಲಬ್ಬಿನಂಥ ಸಂಘಗಳಲ್ಲಿ ಇದನ್ನೇ ಜೀವಮಾನವಿಡೀ ಮಾಡಿಕೊಂಡು ಬಂದವರಿದ್ದಾರೆ. ಈಗ ನಾನು ಚಿತ್ರ ತೆಗೆಯುತ್ತೇನೆ, ಅಗೆದು ನೋಡುತ್ತೇನೆ, ಅಡುಗೆಮನೆಗೆ ತರುವುದಿಲ್ಲ.

ಯಾರಾದರೂ ತಿಂದೇಬಿಟ್ಟಿದ್ದರೆ ವಾಂತಿಗಾಗಿ ಕಾಯದೆ ಮೇಲಿನ ಸಂಖ್ಯೆಗೆ ಕರೆ ಮಾಡಿ, ತಿಂದ ಗಂಟೆಯನ್ನು ಬರೆದಿಡಿ. ಉಳಿದ ಅಣಬೆಯಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಕೊಳೆಯುವುದರಿಂದ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಕಸದ ಡಬ್ಬಿಯಲ್ಲಿರುವ ಸಿಪ್ಪೆಯನ್ನೂ ಎಸೆಯಬೇಡಿ. ನಮ್ಮ ಮನೆಯಿಂದ ಆಸ್ಪತ್ರೆಗೆ ಹೋದದ್ದು ಡಬ್ಬಿಯ ತಳದಲ್ಲಿ ಸಿಕ್ಕ ಕೊಡೆಯ ಒಂದು ಚೂರು.