ವೀಸಾಕ್ಕೆ ಕಾಯುವ ದಿನಗಳಲ್ಲಿ: ಮಗಳ ಜೊತೆ ದೆಹಲಿಯ ರೈಲು ಮ್ಯೂಸಿಯಂ

ಅಮೆರಿಕದಲ್ಲಿದ್ದುಕೊಂಡು ಭಾರತದಿಂದ ಮಗುವನ್ನು ದತ್ತು ತೆಗೆದುಕೊಳ್ಳುವವರಿಗೆ ದೆಹಲಿ ತಪ್ಪಿದ್ದಲ್ಲ. ಜಿಲ್ಲಾಧಿಕಾರಿಗಳ ಆದೇಶ, ಕಾರಾ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪತ್ರ, ಮಗುವಿನ ಪಾಸ್‌ಪೋರ್ಟ್ ಎಲ್ಲ ಕೈಗೆ ಬಂದ ಮೇಲೆ ಚಾಣಕ್ಯಪುರಿಯ ಅಮೆರಿಕ ರಾಯಭಾರ ಕಚೇರಿಯಲ್ಲಿ ವೀಸಾ ಆಗಬೇಕು. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವವರೆಗೆ ಸುಮ್ನೆ ಕಾಯುವ ದಿನಗಳೂ ಇರುತ್ತವೆ. ಆಗ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಉತ್ತರ: ರಾಷ್ಟ್ರೀಯ ರೈಲು ಮ್ಯೂಸಿಯಂ.

ನಾವು ಒಹಾಯೋದಲ್ಲಿ ನೆಲೆಸಿರುವ ಬೆಂಗಳೂರಿನವರು. ಈಗ ಅಮೆರಿಕದ ಪ್ರಜೆಗಳು. ದೆಹಲಿ ನಮಗೂ ಪರಊರೇ. ಮಗಳಿಗೆ ಆರು ವರ್ಷ, ಉತ್ತರ ಕರ್ನಾಟಕದ ಹುಡುಗಿ. ಅವಳಿಗೆ ಬರುವುದು ಕನ್ನಡ ಒಂದೇ. ಅಷ್ಟು ದೊಡ್ಡ ಊರಿನಲ್ಲಿ ಅವಳ ಮಾತು ತಿಳಿಯುತ್ತಿದ್ದವರು ನಾವಿಬ್ಬರೇ. ನಾವಾದರೂ ಅವಳಿಗೆ ಎಷ್ಟು ಹಳಬರು?

ಮೊದಲು ಒಂದು ಹೆಸರುವಾಸಿ ಕೋಟೆ ನೋಡಿದೆವು. ಉದ್ದ ಸಾಲು, ತಪಾಸಣೆ, ಜನವೋ ಜನ. ಗೈಡ್ ಒಬ್ಬರು ಅವಳ ಮುಖವನ್ನೂ ನಮ್ಮ ಮುಖವನ್ನೂ ನೋಡಿ, ಯಾರ ಮಗು ಅಂತ ಕೇಳಿಯೇಬಿಟ್ಟರು. ಹಿಂದಿ ಅರ್ಥವಾಗದಿದ್ದರೂ ತನ್ನ ಬಗ್ಗೆಯೇ ಮಾತು ಅಂತ ಅವಳಿಗೆ ಗೊತ್ತಾಯಿತು. ಆಮೇಲೆ ಕೋಟೆಯಲ್ಲಿ ಅವಳು ಏನನ್ನೂ ನೋಡಲಿಲ್ಲ. ನನ್ನ ದುಪಟ್ಟಾ ಬಿಡಲೂ ಇಲ್ಲ.

ರೈಲು ಮ್ಯೂಸಿಯಂ ಚಾಣಕ್ಯಪುರಿಯಲ್ಲೇ ಇದೆ. 1977ರಲ್ಲಿ ಶುರುವಾದದ್ದು. ಹತ್ತು ಎಕರೆಗೂ ಜಾಸ್ತಿ ಜಾಗ, ಹೆಚ್ಚಿನದೆಲ್ಲ ಬಯಲು. ಹಳೆಯ ಎಂಜಿನ್‌ಗಳು, ಬೋಗಿಗಳು ಹಳಿಗಳ ಮೇಲೆ ನಿಂತಿವೆ. ಇದೇ ಇದರ ದೊಡ್ಡ ಗುಣ. ಮಗು ಯಾವ ಕಡೆ ಬೇಕಾದರೂ ನಡೆಯಬಹುದು, ನಾವು ಹಿಂದೆ ಹೋದರೆ ಆಯಿತು. ಮುಂದೇನು ಅನ್ನುವುದನ್ನು ಅಷ್ಟು ದಿನ ಬೇರೆಯವರೇ ಅವಳಿಗೆ ಹೇಳುತ್ತಿದ್ದರು. ಅಲ್ಲಿ ಅವಳು ನಮಗೆ ಹೇಳಿದಳು.

ಪಟಿಯಾಲಾ ಸಂಸ್ಥಾನದ ಮೋನೊರೈಲು ಅವಳಿಗೆ ತುಂಬಾ ಹಿಡಿಸಿತು. 1907ರದ್ದು. ಒಂದೇ ಹಳಿ. ಭಾರವೆಲ್ಲ ಅದರ ಮೇಲೆ, ಆಚೆ ಬದಿಗೆ ಒಂದು ದೊಡ್ಡ ಚಕ್ರ ನೆಲದ ಮೇಲೆ ಉರುಳುತ್ತಾ ಬೀಳದಂತೆ ಹಿಡಿಯುತ್ತದೆ. "ಇದಕ್ಕ ಇನ್ನೊಂದ್ ಹಳಿ ಯಾಕಿಲ್ಲ? ಬೀಳಂಗಿಲ್ಲೇನು?" ಅಂತ ಕೇಳಿದಳು. ಅವಳಾಗಿಯೇ ಕೇಳಿದ ಮೊದಲ ದೊಡ್ಡ ಪ್ರಶ್ನೆ ಅದು. ನನ್ನ ಗಂಡ ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದರು. ಎಲ್ಲೋ ಗುಜರಿಯಲ್ಲಿ ಬಿದ್ದಿದ್ದ ಎಂಜಿನ್ ಇದು, 1960ರ ದಶಕದಲ್ಲಿ ಸಿಕ್ಕಿತು, ಆಮೇಲೆ ರಿಪೇರಿ ಆಯಿತು ಅಂತಲೂ ಹೇಳಿದರು.

ಕನ್ನಡದವರು ಇನ್ನೊಂದನ್ನು ಖಂಡಿತ ನೋಡಬೇಕು: ಮೈಸೂರು ಮಹಾರಾಜರ ಸಲೂನ್. 1899ರ ಬೋಗಿ, ತೇಗದ ಮರದ್ದು. ಕಿಟಕಿಯಿಂದ ಇಣುಕಿದರೆ ಒಳಗಿನ ವೈಭವ ಕಾಣುತ್ತದೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಹದಿನೈದರ ಹುಡುಗ. ತಂದೆ ತೀರಿಕೊಂಡಿದ್ದರಿಂದ ತಾಯಿಯೇ ರಾಜ್ಯ ನೋಡಿಕೊಳ್ಳುತ್ತಿದ್ದರು. ಆ ತಂದೆ ಚಾಮರಾಜೇಂದ್ರ ಒಡೆಯರನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ದತ್ತು ತೆಗೆದುಕೊಂಡಿದ್ದರು. ಇದನ್ನು ಅಲ್ಲೇ ನಿಂತು ಮಗಳಿಗೆ ಹೇಳಿದೆ. "ಅವರೂ ದತ್ತಾ?" ಅಂದಳು. ಹೌದು ಅಂದೆ. "ಮತ್ತ ರಾಜ ಆದ್ರಾ?" ಆದರು ಅಂದೆ. ಮತ್ತೊಮ್ಮೆ ಎತ್ತಿಕೋ, ಇನ್ನೂ ನೋಡಬೇಕು ಅಂದಳು. ಮನೆಯಲ್ಲಿ ಕೂತು ಈ ವಿಷಯ ಎತ್ತಿದ್ದರೆ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಒಳಗಿನ ಗ್ಯಾಲರಿಯಲ್ಲಿ 1894ರಲ್ಲಿ ರೈಲಿಗೆ ಡಿಕ್ಕಿ ಹೊಡೆದು ಸತ್ತ ಆನೆಯ ತಲೆಬುರುಡೆ ಇದೆ. ತುಂಬಾ ಸೂಕ್ಷ್ಮ ಮನಸ್ಸಿನ ಮಗುವಾದರೆ ಅದನ್ನು ದಾಟಿ ಹೋಗಿ. ಎಂಜಿನ್ ಓಡಿಸುವ ಸಿಮ್ಯುಲೇಟರ್‌ಗಳೂ ಇವೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಚೆನ್ನ.

ಇನ್ನು ಪುಟಾಣಿ ರೈಲು. ಮ್ಯೂಸಿಯಂ ಸುತ್ತ ಒಂದು ಸುತ್ತು ಹಾಕಿ ಹತ್ತಿದ ಜಾಗಕ್ಕೇ ತಂದು ಬಿಡುತ್ತದೆ. ಬೇರೆ ಮಕ್ಕಳಿಗೆ ಅದು ಬರೀ ಆಟ. ನಮ್ಮಂಥವರ ಮಕ್ಕಳಿಗೆ ಹಾಗಲ್ಲ. ಇಲ್ಲಿಯವರೆಗೆ ಹತ್ತಿದ ಕಾರು, ರೈಲು, ವಿಮಾನ ಎಲ್ಲವೂ ಅವಳನ್ನು ಗೊತ್ತಿದ್ದವರಿಂದ ದೂರ ತಂದಿದ್ದವು. ಹತ್ತುವಾಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಅದೇ ಪ್ಲಾಟ್‌ಫಾರ್ಮ್ ಮತ್ತೆ ಕಂಡಾಗ "ಅಲ್ಲೇ ಬಂದ್ವಿ!" ಅಂತ ಜೋರಾಗಿ ಕೂಗಿದಳು. ಇನ್ನೊಮ್ಮೆ ಅಂದಳು, ಹತ್ತಿಸಿದೆವು. ಮತ್ತೂ ಕೇಳಿದಳು, ಮತ್ತೂ ಹತ್ತಿಸಿದೆವು. ದಯವಿಟ್ಟು ನೀವೂ ಬೇಡ ಅನ್ನಬೇಡಿ. ಇದರ ಟಿಕೆಟ್ ಬೇರೆ ತೆಗೆದುಕೊಳ್ಳಬೇಕು. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಇಟ್ಟುಕೊಂಡೇ ಹೋಗಿ.

ಸೋಮವಾರ ರಜೆ. ಶನಿವಾರ, ಭಾನುವಾರ ಮಕ್ಕಳ ಗದ್ದಲ ಇರುತ್ತದೆ. ಹೊಸ ಜನ ಕಂಡರೆ ಹಿಂಜರಿಯುವ ಮಗುವಾದರೆ ವಾರದ ಮಧ್ಯೆ, ಬೆಳಿಗ್ಗೆಯೇ ಹೋಗಿ. ಬಯಲಾದ್ದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು ಕಷ್ಟ. ಟೋಪಿ, ನೀರು ಮರೆಯಬೇಡಿ. ಮೆಟ್ರೋದಲ್ಲಿ ಬರುವವರು ಪಿಂಕ್ ಲೈನ್‌ನ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ಹೌದು, ನಮ್ಮ ವಿಶ್ವೇಶ್ವರಯ್ಯನವರೇ.

ಊಟಕ್ಕೆ ನಾವು ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋದೆವು, ದೂರವೇನಿಲ್ಲ. ಹೋಟೆಲಿನ ಛೋಲೆ, ಪರಾಠ ಮುಟ್ಟದೆ ಕೂತಿದ್ದವಳು ಅಲ್ಲಿ ಅನ್ನ, ಸಾರು ತಿಂದು ಇನ್ನೊಮ್ಮೆ ಬಡಿಸಿಕೊಂಡಳು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಯಾವ ಊರಮ್ಮ ಅಂತ ಕನ್ನಡದಲ್ಲಿ ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಅವಳು ತನ್ನ ಊರಿನ ಹೆಸರು ಹೇಳಿ, ಒಂದೇ ಹಳಿಯ ರೈಲಿನ ಕಥೆ ಶುರು ಮಾಡಿದಳು.