ಬ್ರಾಯ್ಲರ್ ಶೆಡ್ಡೋ, ಹಿತ್ತಲ ನಾಟಿ ಕೋಳಿಯೋ?

ಮೊದಲು ದುಡ್ಡಿನ ಮಾತು. ಬ್ರಾಯ್ಲರ್ ಸಾಕುವ ಕಂಪನಿ ಕಾಂಟ್ರಾಕ್ಟ್‌ನಲ್ಲಿ ಮರಿ, ಫೀಡು, ಔಷಧಿ ಅವರದ್ದು. ಶೆಡ್ಡು, ಕರೆಂಟು, ಕೂಲಿ ನಿಮ್ಮದು. ಸುಮಾರು 6 ವಾರಕ್ಕೆ ಕೋಳಿ 2 ಕೆಜಿ ತೂಗುತ್ತದೆ, ಮಾರ್ಕೆಟ್ ರೇಟು ಬಿದ್ದರೂ ಕೆಜಿ ಲೆಕ್ಕದ ಸಾಕಣೆ ಕೂಲಿ ಕೈಗೆ ಬರುತ್ತದೆ ಅನ್ನೋದೇ ರೈತರಿಗೆ ಇದು ಹಿಡಿಸುವ ಕಾರಣ, ಆದರೆ ಶೆಡ್ಡಿನ ಸಾಲ ಮಾತ್ರ ನಿಮ್ಮ ತಲೆ ಮೇಲೇ. ನಾಟಿ ಬೆಳೆಯಲು 5-6 ತಿಂಗಳು ಬೇಕು. ಬಂಡವಾಳ ಕಡಿಮೆ, ರೇಟು ಜಾಸ್ತಿ.

ಜನರ ಭಯ ಬೇರೆ. ಬ್ರಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರೆ ಅನ್ನೋದು ಸುಮ್ನೆ ಮಾತು. ಬೇಗ ಬೆಳೆಯುವುದು ತಳಿ ಮತ್ತು ಫೀಡಿನಿಂದ. ಆಂಟಿಬಯಾಟಿಕ್ ಭಯ ಮಾತ್ರ ಸುಳ್ಳಲ್ಲ, ಕೇಂದ್ರ ಸರ್ಕಾರ 2019ರಲ್ಲಿ ಕೋಳಿಗೆ ಕೊಡುತ್ತಿದ್ದ ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ ನಿಷೇಧಿಸಿದ್ದು ಅದಕ್ಕೇ ಅಲ್ವಾ? ಇನ್ನು ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ಅಮೋನಿಯಾ ಘಾಟು, ನೊಣ. ಅಕ್ಕಪಕ್ಕದವರ ಜಗಳ ಶುರುವಾಗುವುದು ಅಲ್ಲಿಂದಲೇ.

ಹಕ್ಕಿಜ್ವರ ಹೊಕ್ಕರೆ ಶೆಡ್ಡಿನ ಇಡೀ ಬ್ಯಾಚ್ ಹೋಗುತ್ತದೆ. ಹಿತ್ತಲಲ್ಲೂ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದಿದ್ದರೆ ಅದೇ ಗತಿ, ಮೇಲೆ ನಾಯಿ, ಮುಂಗುಸಿ ಕಾಟ.

ಊರಾಚೆ ಜಾಗ, ನೀರು, ಸದಾ ಇರುವ ಆಳು ಇದ್ದರೆ ಶೆಡ್ ಹಾಕಿ. ಬೇರೆ ಕೆಲಸದ ಜೊತೆಗಾದರೆ ನಾಟಿ ಸಾಕು. ಮೊಟ್ಟೆ ಜಾಸ್ತಿ ಬೇಕಿದ್ದರೆ ಬೆಂಗಳೂರಿನಲ್ಲೇ ಅಭಿವೃದ್ಧಿಯಾದ ಗಿರಿರಾಜ ತಳಿ ನೋಡಿ, ಆದರೆ ಅದು ಕಾವಿಗೆ ಕೂರುವುದು ಅಪರೂಪ.